ಆರ್‌ಸಿಬಿ ಕಾಕಾನ ಗಡಿ ವಿವಾದ

ಗೋಕಾಕ, ಮೂಡಲಗಿ, ಹುಕ್ಕೇರಿ ಸೀಮೆಯ ಯಾವ ಊರಿಗೆ ಹೋದರೂ ಒಬ್ಬರು ಆರ್‌ಸಿಬಿ ಕಾಕಾ ಇದ್ದೇ ಇರುತ್ತಾರೆ. ಒಂದೂರಲ್ಲಿ ಅವರು ಗೊಬ್ಬರದ ಅಂಗಡಿಯ ಸಾವಕಾರ, ಇನ್ನೊಂದೂರಲ್ಲಿ ಸೊಸೈಟಿಯ ಕಾರಕೂನ. ಕಲ್ಲೋಳಿಯ ಕಾಕಾನದು ಪಂಪಸೆಟ್ ಮೋಟಾರಿಗೆ ತಂತಿ ಸುತ್ತುವ ಅಂಗಡಿ. ವಯಸ್ಸು ಐವತ್ತೈದರ ಮೇಲೆ. ಧೋತರ, ಬಿಳಿ ಅಂಗಿ, ಕೊರಳಲ್ಲಿ ತುಳಸಿಮಾಲೆ. ಐಪಿಎಲ್ ಶುರುವಾಯಿತೆಂದರೆ ಅಂಗಿಯ ಮೇಲೆ 18 ನಂಬರಿನ ಕೆಂಪು ಜರ್ಸಿ ಏರುತ್ತದೆ. ಮಾಲೆ ಹಾಕಿಸಿಕೊಂಡ ದಿನದಿಂದ ತತ್ತಿಯನ್ನೂ ಮುಟ್ಟದ ಈ ಮನುಷ್ಯ ಒಂದು ವಿಸ್ಕಿಯ ಹೆಸರನ್ನು ಎದೆಯ ಮೇಲೆ ಹೊತ್ತು ಹನಮಪ್ಪನ ಗುಡಿಗೂ ಹೋಗಿಬರುತ್ತಾರೆ. ಯಾರಾದರೂ ಚುಚ್ಚಿದರೆ, "ನಾ ಏನ ಕುಡೀತೀನೇನೋ? ನೋಡ್ತೀನಿ ಅಷ್ಟ" ಎನ್ನುತ್ತಾರೆ. ಬರೀ ನೋಡುವುದರಿಂದಲೂ ಎಷ್ಟು ನಶೆ ಏರುತ್ತದೆಂದು ಅವರ ಹೆಂಡತಿ ಕಾಕುವನ್ನು ಕೇಳಬೇಕು.

ಕಾಕಾನ ನಿಷ್ಠೆ ಗೆದ್ದೆತ್ತಿನ ಬಾಲ ಹಿಡಿದು ಬಂದದ್ದಲ್ಲ. 2008ರ ಏಪ್ರಿಲ್ 18ರಂದು, ಮೊಟ್ಟಮೊದಲ ಐಪಿಎಲ್ ಪಂದ್ಯದಲ್ಲಿ, ಮೆಕಲಮ್ ಒಬ್ಬನೇ 158 ಹೊಡೆದು, ನಮ್ಮವರೆಲ್ಲ ಸೇರಿ 82ಕ್ಕೆ ಮುಗಿದರಲ್ಲ, ಆ ರಾತ್ರಿಯೇ ಅವರು ಭಕ್ತರಾದದ್ದು. "ಪಾಪ ಅನಿಸ್ತು" ಎಂಬುದೊಂದೇ ಕಾರಣ. 2009, 2011, 2016ರ ಫೈನಲ್‌ಗಳ ಸೋಲು ಆ ಪಾಪವನ್ನು ಇನ್ನಷ್ಟು ಗಟ್ಟಿ ಮಾಡಿತು. 2017ರಲ್ಲಿ ತಂಡ 49ಕ್ಕೆ ಆಲೌಟ್ ಆದ ಮರುದಿನ, ಮೋಟಾರ್ ಒಯ್ಯಲು ಬಂದ ಹುಡುಗನೊಬ್ಬ, "ಕಾಕಾ, ಬಿಲ್ಲಿನಾಗ ನಲವತ್ತೊಂಬತ್ತ ರೂಪಾಯಿ ಕಡಿಮಿ ಮಾಡ್ರಲಾ" ಎಂದ. ಅವನ ಮೋಟಾರ್ ಮುಂದೆ ಎರಡು ದಿನ ಅಂಗಡಿ ಬಿಟ್ಟು ಕದಲಲಿಲ್ಲ. ಹೊಲದಲ್ಲಿ ಕಬ್ಬು ಒಣಗುತ್ತಿತ್ತು.

ಇಷ್ಟಾಗಿಯೂ ಕಾಕಾ ಚಿನ್ನಸ್ವಾಮಿ ಕ್ರೀಡಾಂಗಣದ ಒಳಗೆ ಕಾಲಿಟ್ಟವರಲ್ಲ. ಯಾರದೋ ಮದುವೆಗೆಂದು ರಾಣಿ ಚೆನ್ನಮ್ಮ ರೈಲು ಹತ್ತಿ ಬೆಂಗಳೂರಿಗೆ ಹೋದಾಗ ಸಿಟಿ ಬಸ್ಸಿನ ಕಿಟಕಿಯಿಂದ ಅದರ ಗೋಡೆ ಮತ್ತು ದೀಪದ ಕಂಬ ನೋಡಿದ್ದಾರೆ. ಆದರೂ ಮಾತಾಡುವಾಗ "ನಮ್ಮ ಗ್ರೌಂಡ". 2025ರ ಏಪ್ರಿಲ್‌ನಲ್ಲಿ ಕೆ.ಎಲ್. ರಾಹುಲ್ ಡೆಲ್ಲಿ ತಂಡದ ಪರ ಔಟಾಗದೆ 93 ಹೊಡೆದು, ಅದೇ ಅಂಗಳದಲ್ಲಿ ಬ್ಯಾಟಿನಿಂದ ವೃತ್ತ ಗೀಚಿ, ಇದು ನನ್ನ ಜಾಗ ಎಂಬಂತೆ ಬ್ಯಾಟು ಊರಿದ. ಕಾಕಾನಿಗೆ ಅವತ್ತು ಧರ್ಮಸಂಕಟ. ಕನ್ನಡದ ಹುಡುಗ ಬೆಂಗಳೂರನ್ನು ಸೋಲಿಸಿದ. ಸೋತವರ ನಾಯಕ ಇಂದೋರಿನವನು, ದೇವರು ದೆಹಲಿಯವನು. ನಾನು ಅದನ್ನೇ ಎತ್ತಿ ಕೇಳಿದೆ. "ಸರ, ಹುಡುಗಾ ನಮ್ಮವ ಖರೇ. ಆದ್ರ ಟೀಮನೂ ನಮ್ಮದ. ಇಂಥಾದ್ದರಾಗ ಮಂದಿ ನಡುವ ಬಾಯಿ ಹಾಕಬಾರದು" ಎಂದರು.

2025ರ ಜೂನ್ 3ರ ಫೈನಲ್ ರಾತ್ರಿ ಕಾಕಾನ ಅಂಗಡಿ ನೋಡಬೇಕಿತ್ತು. ವಾರ್ನಿಶ್ ವಾಸನೆ, ಗೋಡೆಗೆ ಟಿವಿ, ಕೆಳಗೆ ಜನ. ಕಾಕಾನ ತೊಡೆಯ ಮೇಲೆ ಅರ್ಧ ಸುತ್ತಿದ ಕಾಯಿಲ್, ಕೈಯಲ್ಲಿ ತಾಮ್ರದ ತಂತಿ. ಒಬ್ಬ ಮೂತ್ರಕ್ಕೆಂದು ಹೊರಗೆ ಹೋದಾಗ ಪಂಜಾಬಿನ ವಿಕೆಟ್ ಬಿತ್ತು. ಸರಿ, ಪಂದ್ಯ ಮುಗಿಯುವವರೆಗೂ ಅವನಿಗೆ ಒಳಗೆ ಪ್ರವೇಶವಿಲ್ಲ. ಗಟಾರದ ಪಕ್ಕ ಸೊಳ್ಳೆ ಹೊಡೆಯುತ್ತ ನಿಂತು, ಒಳಗಿನ ಗದ್ದಲದ ಮೇಲೆ ಸ್ಕೋರು ಅಂದಾಜು ಮಾಡಿದ. ಆರು ರನ್ನಿನಿಂದ ಗೆದ್ದಾಗ ಎಲ್ಲರೂ ಕುಣಿದರು. ಕಾಕಾ ಮಾತ್ರ ಕೂತಲ್ಲೇ ಕೂತು, "ಖರೇ ಮುಗೀತೇನ? ಅಂಪೈರ್ ಮತ್ತೇನರೆ ಅಂತಾನೇನ ನೋಡ್ರಿ" ಎನ್ನುತ್ತಿದ್ದರು. ಹದಿನೇಳು ಸೀಸನ್ ಸೋತವರಿಗೆ ಗೆಲುವಿನ ಮೇಲೆ ಅಷ್ಟು ಬೇಗ ನಂಬಿಕೆ ಹುಟ್ಟುವುದಿಲ್ಲ.

ಮರುದಿನ ಚಿನ್ನಸ್ವಾಮಿಯ ಬಾಗಿಲಲ್ಲಿ ನೂಕುನುಗ್ಗಲಾಗಿ 11 ಜನ ಸತ್ತರು. ಕಾಕಾ ಜರ್ಸಿ ಮಡಚಿ ಟ್ರಂಕಿಗೆ ಹಾಕಿದರು. ಎಷ್ಟೋ ದಿನ ಅಂಗಡಿಯಲ್ಲಿ ಕ್ರಿಕೆಟ್ ಮಾತೇ ಇರಲಿಲ್ಲ, ಯಾರೂ ಕೆಣಕಲೂ ಇಲ್ಲ.

ಆಮೇಲಿನದು ಪೇಪರಿನಲ್ಲಿ ಬಂದದ್ದೇ. ನ್ಯಾಯಮೂರ್ತಿ ಮೈಕೆಲ್ ಡಿ'ಕುನ್ಹಾ ಆಯೋಗ, ಆ ಕ್ರೀಡಾಂಗಣ ಭಾರೀ ಜನ ಸೇರುವುದಕ್ಕೆ ತಕ್ಕುದಲ್ಲ ಎಂದಿತು. ಮಹಾರಾಜ ಟ್ರೋಫಿ ಮೈಸೂರಿಗೆ ಹೋಯಿತು. ಮಹಿಳಾ ವಿಶ್ವಕಪ್ಪಿನ ಪಂದ್ಯಗಳು ನವಿ ಮುಂಬಯಿಗೆ ಹೋದವು. ನವೆಂಬರಿನಲ್ಲಿ ಯುನೈಟೆಡ್ ಸ್ಪಿರಿಟ್ಸ್ ಕಂಪನಿ ಆರ್‌ಸಿಬಿಯಲ್ಲಿನ ತನ್ನ ಹೂಡಿಕೆಯನ್ನು ಮರುಪರಿಶೀಲಿಸುವುದಾಗಿ ಷೇರುಪೇಟೆಗೆ ತಿಳಿಸಿತು. ಅದರ ಬೆನ್ನಿಗೇ, ತವರು ಪಂದ್ಯಗಳಿಗೆ ತಮ್ಮ ಗಹುಂಜೆ ಮೈದಾನ ಕೊಡಲು ಪುಣೆಯವರು ಮುಂದೆ ಬಂದಿದ್ದಾರೆಂಬ ಸುದ್ದಿ.

ಅದೇ ತಿಂಗಳು ಇಲ್ಲೇ ಗುರ್ಲಾಪುರ ಕ್ರಾಸಿನಲ್ಲಿ ಕಬ್ಬು ಬೆಳೆಗಾರರು ಟನ್ನಿಗೆ 3,500 ರೂಪಾಯಿ ಕೇಳಿ ರಸ್ತೆಯಲ್ಲಿ ಕೂತಿದ್ದರು. ಸರ್ಕಾರ 3,300ಕ್ಕೆ ಮುಗಿಸಿತ್ತು. ಕಾಕಾನಿಗೂ ಒಂದಿಷ್ಟು ಕಬ್ಬಿದೆ. ಅವರು ಎರಡೂ ಸುದ್ದಿ ತೂಗಿ ನೋಡಿ ತೀರ್ಪು ಕೊಟ್ಟರು: "ಇನ್ನೂರ ರೂಪಾಯಿ ಹೋದ್ರ ಹೋಗ್ಲಿ. ಟೀಮ ಹೋಗಬಾರದು."

ಕಾಕಾನ ಅಕ್ಕನ ಮಗ ಪಿಂಪ್ರಿಯ ಕಾರ್ಖಾನೆಯೊಂದರಲ್ಲಿದ್ದಾನೆ. ದೀಪಾವಳಿ ಮುಗಿಸಿ ಹೋದವನು ಮತ್ತೆ ಬಂದ ದಿನ ಖುಷಿಯಿಂದ ಹೇಳಿದ: "ಮಾಮಾ, ನಿಮ್ಮ ನಸೀಬ ತೆರೀತು. ಬೆಂಗಳೂರಿಗೆ ಐನೂರ ಕಿಲೋಮೀಟರ ದಾಟತೈತಿ. ಪುಣೇಕ ಮುನ್ನೂರೈವತ್ತರ ಒಳಗ. ಗಹುಂಜೆ ನನ್ನ ರೂಮಿನಿಂದ ಅರ್ಧ ತಾಸು. ರಾತ್ರಿ ನಮ್ಮಲ್ಲೇ ವಸ್ತಿ ಮಾಡ್ರಿ."

ಲೆಕ್ಕ ಸರಿಯಾಗಿಯೇ ಇತ್ತು. ಅದೇ ಕಾಕಾನ ಸಿಟ್ಟಿಗೆ ಕಾರಣ. "ಕೊಗನೊಳ್ಳಿ ನಾಕಾ ದಾಟಿ ಹೋಗಿ ನೋಡೂದು ಹೋಮ್ ಮ್ಯಾಚ ಹೆಂಗ ಆಕ್ಕೈತೋ? ಬೆಳಗಾವಿ ಬೇಕಂತ ಮಹಾರಾಷ್ಟ್ರದವರು ಸುಪ್ರೀಂ ಕೋರ್ಟಿಗೆ ಹೋಗಿ ಇಪ್ಪತ್ತ ವರ್ಷ ಆತು, ಸಿಕ್ಕಿಲ್ಲ. ಈಗ ಟೀಮ ನಾವ ಒಯ್ದು ಕೊಡೂದೇನ?" ಅವರ ಮಾತಿನಲ್ಲಿ ವ್ಯವಹಾರದ ತಿರುಳೂ ಇದೆ ಅನ್ನಿ. ಬೆಳಗಾವಿಯಲ್ಲಿ ಭಾಷೆಯ ಹೆಸರಲ್ಲಿ ಒಂದು ಕಪಾಳಮೋಕ್ಷವಾದರೂ ಎರಡೂ ರಾಜ್ಯದ ಬಸ್ಸುಗಳು ಗಡಿಯಲ್ಲಿ ನಿಂತುಬಿಡುತ್ತವೆ. ತವರು ತಂಡ ಆಡುವಾಗ ತವರಿನವರು ನಾಕಾದಲ್ಲಿ ಕೂತಿರಬೇಕಾದೀತು.

ಅಳಿಯ ಬಿಡಲಿಲ್ಲ. 2018ರಲ್ಲಿ ನಮ್ಮದೇ ಕಾವೇರಿ ಜಗಳದಿಂದ ಚೆನ್ನೈ ತಂಡದ ಪಂದ್ಯಗಳು ಪುಣೆಗೆ ಹೋದವು. ಅಭಿಮಾನಿಗಳು ವಿಶೇಷ ರೈಲಿನಲ್ಲಿ ಅಲ್ಲಿಗೂ ಹೋದರು. ಆ ವರ್ಷ ಕಪ್ಪೂ ಅವರದೇ. ಬೆಂಗಳೂರು ಬುಲ್ಸ್ ಕಬಡ್ಡಿ ತಂಡಕ್ಕೆ 2017ರಲ್ಲಿ ನಾಗಪುರ ತವರಾಗಿತ್ತು, 2018ರಲ್ಲಿ ಪುಣೆ. ಅದೇ ಸೀಸನ್ನಿನ ಫೈನಲ್‌ನಲ್ಲಿ ಪವನ್ ಸೆಹ್ರಾವತ್ 22 ಪಾಯಿಂಟ್ ತಂದು ಪ್ರಶಸ್ತಿ ಗೆಲ್ಲಿಸಿದ. ಆರ್‌ಸಿಬಿಯೇ 2016ರ ಫೈನಲ್ ಬೆಂಗಳೂರಿನಲ್ಲಿ ಸೋತು, 2025ರದನ್ನು ಅಹಮದಾಬಾದಿನಲ್ಲಿ ಗೆದ್ದದ್ದು. "ಊರು ಬಿಟ್ಟವರಿಗೇ ಗೆಲುವು, ಮಾಮಾ. ಚೆನ್ನೈಯವರು ಪುಣೇಕ ಹೋದಾಗ ನೀವ ನಕ್ಕಿದ್ರಿ!"

"ಆವಾಗ ಹೋಗಿದ್ದು ಅವರದು."

ಅಳಿಯ ಕಡೆಯ ಬಾಣ ಬಿಟ್ಟ. ಕಾಕಾ ಆಷಾಢದಲ್ಲಿ ದಿಂಡಿಯ ಜೊತೆ ಪಂಢರಪುರಕ್ಕೆ ನಡೆದು ಹೋಗುವವರು. ಆಗ ಯಾವ ಗಡಿಯೂ ಅವರ ಕಾಲಿಗೆ ಚುಚ್ಚುವುದಿಲ್ಲ. "ಮರಾಠಿ ಸಂತರೇ ವಿಠ್ಠಲ ಕರ್ನಾಟಕದವ ಅಂತ ಹಾಡ್ಯಾರ. ಅವ ಅಲ್ಲಿ ಹೋಗಿ ನಿಂತಿಲ್ಲೇನ? ನೀವು ಹೋಗಿ ಕೈ ಮುಗಿದು ಬರೂದಿಲ್ಲೇನ?"

ಕಾಕಾ ಒಂದು ಗಳಿಗೆ ಮಾಲೆಯ ಮಣಿ ತಿರುವಿದರು. "ಹೋದಾವ ಹೊಳ್ಳಿ ಬಂದಾನೇನ? ಅದಕ್ಕ ನನಗ ಅಂಜಿಕಿ."

ಅಳಿಯ ಚಹಾ ತರಲು ಎದ್ದು ಹೋದ. ಕಾಕಾನಿಗೆ ಸಮಾಧಾನವಾಗಲೆಂದು ನಾನು, ಉಪಮುಖ್ಯಮಂತ್ರಿ ಡಿ.ಕೆ. ಶಿವಕುಮಾರ್ ಐಪಿಎಲ್ ಬೆಂಗಳೂರು ಬಿಟ್ಟು ಹೋಗಲು ಬಿಡುವುದಿಲ್ಲ ಎಂದಿದ್ದನ್ನು ನೆನಪಿಸಿದೆ. ಕಾಕಾ ನಕ್ಕರು. "ಕಬ್ಬಿನ ಬಿಲ್ಲೂ ಹದಿನಾಕ ದಿನದಾಗ ಕೊಡಬೇಕಂತ ಕಾಯ್ದೆ ಐತಿ, ಸರ."

ಇಂಥ ನಿಷ್ಠಾವಂತರನ್ನು ಒಂದು ಪ್ರಶ್ನೆ ಮಾತ್ರ ಕೇಳಬಾರದು. ನಾನು ಕೇಳಿಬಿಟ್ಟೆ. ನಮ್ಮ ಜಿಲ್ಲೆಗೇ ಒಂದು ತಂಡವಿತ್ತು, ಬೆಳಗಾವಿ ಪ್ಯಾಂಥರ್ಸ್. 2017ರಲ್ಲಿ ಕರ್ನಾಟಕ ಪ್ರೀಮಿಯರ್ ಲೀಗ್ ಗೆದ್ದಿತ್ತು. 2019ರ ಫಿಕ್ಸಿಂಗ್ ಹಗರಣದ ಬಳಿಕ ಲೀಗ್ ನಿಂತಿತು. 2022ರಲ್ಲಿ ಮಹಾರಾಜ ಟ್ರೋಫಿಯಾಗಿ ಮರಳಿದಾಗ ಬೆಂಗಳೂರು, ಮೈಸೂರು, ಹುಬ್ಬಳ್ಳಿ, ಮಂಗಳೂರು, ಶಿವಮೊಗ್ಗ, ಕಲಬುರಗಿಗೆ ತಂಡ ಸಿಕ್ಕವು, ಬೆಳಗಾವಿಗೆ ಇಲ್ಲ. ಆ ತಂಡ ಪುಣೆಗೆ ಹೋಗಲಿಲ್ಲ, ಎಲ್ಲಿಗೂ ಹೋಗಲಿಲ್ಲ, ಸುಮ್ಮನೆ ಇಲ್ಲವಾಯಿತು. ಅದಕ್ಕಾಗಿ ಕಲ್ಲೋಳಿಯಲ್ಲಿ ಒಬ್ಬರೂ ಒಂದು ತುತ್ತು ಕಡಿಮೆ ಉಣ್ಣಲಿಲ್ಲ.

ಕಾಕಾ ಬಹಳ ಹೊತ್ತು ನನ್ನ ಮುಖ ನೋಡಿ, "ಅದ್ಯಾವ ಟೀಮ, ಸರ?" ಎಂದರು.

ಇಂಗ್ಲೆಂಡಿನಲ್ಲಿ ವಿಂಬಲ್ಡನ್ ಫುಟ್‌ಬಾಲ್ ತಂಡವನ್ನು ಮಾಲೀಕರು ಮಿಲ್ಟನ್ ಕೀನ್ಸ್ ಎಂಬ ಊರಿಗೆ ಎತ್ತಿಕೊಂಡು ಹೊರಟಾಗ ಅಭಿಮಾನಿಗಳು 2002ರಲ್ಲಿ ತಾವೇ ಹೊಸ ತಂಡ ಕಟ್ಟಿದರು, ಒಂಬತ್ತು ವರ್ಷದಲ್ಲಿ ಅದನ್ನು ದೇಶದ ವೃತ್ತಿಪರ ಲೀಗಿಗೆ ತಂದರು. ಈ ಕಥೆ ಹೇಳಿದೆ. "ಪಟ್ಟಿ ಎತ್ತಿ ಟೀಮ ಮಾಡಿದ್ರಾ?" ಎಂದು ಕಾಕಾನ ಕಣ್ಣು ಅರಳಿತು. ನನ್ನ ಲೆಕ್ಕದಲ್ಲಿ ಪ್ಯಾಂಥರ್ಸ್‌ಗೆ ಪುನರ್ಜನ್ಮ ಬರಬೇಕಿತ್ತು. ಅವರು ಹಿಡಿದ ದಾರಿ ಬೇರೆಯೇ. ಟೀಮು ಬೆಂಗಳೂರು ಬಿಡಲೇಬೇಕೆಂದಾದರೆ ಪುಣೆ ಯಾಕೆ, ನಡುವೆ ಬೆಳಗಾವಿ ಇಲ್ಲವೇ? ಆಟೋ ನಗರದಲ್ಲಿ ರಾಜ್ಯ ಕ್ರಿಕೆಟ್ ಸಂಸ್ಥೆಯದೇ ಮೈದಾನ ಉಂಟು. "ಸುವರ್ಣಸೌಧ ಕಟ್ಟಿ ಸರ್ಕಾರನ ಚಳಿಗಾಲಕ್ಕ ಹತ್ತ ದಿನ ಇಲ್ಲಿ ಬಂದು ಹೋಗತೈತಿ. ಟೀಮ ಏಳ ಮ್ಯಾಚಿಗೆ ಬಂದ್ರ ಏನ ಸವೀತೈತಿ?"

ಬೆಂಗಳೂರು ಬಿಟ್ಟು ಕದಲಬಾರದೆಂದು ಹಟ ಹಿಡಿದಿದ್ದವರು ಇವರೇ. ತಂಡ ತಮ್ಮ ಕಡೆಗೇ ಬರುವುದಾದರೆ ಅದಕ್ಕೆ ವಲಸೆ ಎನ್ನುವುದಿಲ್ಲವಂತೆ.

ಆ ಬೇಡಿಕೆಯ ಅರ್ಜಿ ಈಗ ಅಂಗಡಿಯ ಟೇಬಲ್ಲಿನ ಮೇಲಿದೆ. ಮೋಟಾರ್ ಸುತ್ತಿಸಲು ಬಂದವರ ಸಹಿ ಆದ ಮೇಲೆಯೇ ಮೋಟಾರ್ ಹೊರಗೆ ಹೋಗುವುದು. ಕಲ್ಲೋಳಿ ಕಡೆ ಬಂದರೆ ನೀವೂ ಒಂದು ಸಹಿ ಹಾಕಿ ಹೋಗಿ. ಪೆನ್ನು ಕಾಕಾನೇ ಕೊಡುತ್ತಾರೆ, ಚಹಾನೂ ಹೇಳುತ್ತಾರೆ. ಪ್ಯಾಂಥರ್ಸ್ ಸುದ್ದಿ ಮಾತ್ರ ತೆಗೆಯಬೇಡಿ.