ತೊಗಲು ಬಿಟ್ಟ ಮಾಸ್ತರ

ಚಾತುರ್ಮಾಸಕ್ಕೆ ಮುನಿಗಳು ನಿಂತ ಊರಿಗೆ ಸುತ್ತಲಿನ ಹಳ್ಳಿಗಳ ಶ್ರಾವಕರು ಹೋಗಿ, ಏನಾದರೊಂದು ನಿಯಮ ತೆಗೆದುಕೊಂಡು ಬರುವುದು ನಮ್ಮ ಬೆಳಗಾವಿ ಜಿಲ್ಲೆಯ ಜೈನರ ಮನೆಗಳಲ್ಲಿ ರೂಢಿ. ಒಬ್ಬರು ರಾತ್ರಿಯೂಟ ಬಿಡುತ್ತಾರೆ, ಇನ್ನೊಬ್ಬರು ಗಡ್ಡೆ ಗೆಣಸು ಬಿಡುತ್ತಾರೆ. ನನ್ನ ಸರದಿ ಬಂದಾಗ ಬೆನ್ನ ಹಿಂದೆ ನಿಂತಿದ್ದ ಹೆಂಡತಿ ‘ಬಟಾಟಿ ಅನ್ರಿ, ಬಟಾಟಿ’ ಎಂದು ಪಿಸುಗುಟ್ಟುತ್ತಿದ್ದಳು. ಬಟಾಟಿ ಭಜಿ ಇಲ್ಲದ ನಮ್ಮೂರು ಮಮದಾಪುರದ ಸಂಜೆ ಕಣ್ಣ ಮುಂದೆ ಬಂತು. ‘ತೊಗಲಿನ ವಸ್ತು ಬಳಸೂದಿಲ್ಲ, ಮಹಾರಾಜರೇ’ ಎಂದುಬಿಟ್ಟೆ. ತೊಗಲನ್ನೇನು ಯಾರೂ ಭಜಿ ಮಾಡಿ ತಿನ್ನುವುದಿಲ್ಲವಲ್ಲ. ಮುನಿಗಳು ನನ್ನ ಕಾಲು ನೋಡಿದರು. ಅವರದು ಬರಿಗಾಲು, ಸಾವಿರಾರು ಮೈಲಿ ನಡೆದು ಬಂದದ್ದು. ಅವರ ತುಟಿಯಲ್ಲಿ ಕಂಡದ್ದು ಆಶೀರ್ವಾದವೋ ಮುಗುಳ್ನಗೆಯೋ ಎಂದು ಇಂದಿಗೂ ಗೊತ್ತಾಗಿಲ್ಲ.

ಮೊದಲಿಗೆ ಎಲ್ಲ ಸಲೀಸಾಗಿಯೇ ನಡೆಯಿತು. ಬಸದಿಗೆ ಹೋಗುವಾಗ ಬೆಲ್ಟು, ಪಾಕೀಟು ಹೊರಗೆ ತೆಗೆದಿಡುವ ಅಭ್ಯಾಸ ಇದ್ದೇ ಇತ್ತು. ಇನ್ನು ಮನೆಯಲ್ಲಿಯೂ ತೆಗೆದಿಟ್ಟೆ, ಅಷ್ಟೇ. ಬೆಲ್ಟಿನ ಜಾಗಕ್ಕೆ ಕ್ಯಾನ್ವಾಸ್ ಪಟ್ಟಿ, ಪಾಕೀಟಿನ ಜಾಗಕ್ಕೆ ಹೆಂಡತಿ ಹೊಲಿದ ಬಟ್ಟೆಯ ಚೀಲ, ಕಾಲಿಗೆ ಹವಾಯಿ ಚಪ್ಪಲಿ. ನಿವೃತ್ತ ಹೈಸ್ಕೂಲು ವಿಜ್ಞಾನ ಮಾಸ್ತರನಿಗೆ ಇದಕ್ಕಿಂತ ಹೆಚ್ಚಿನ ಉಡುಪು ಯಾತಕ್ಕೆ? ಆದರೆ ಬಟಾಟಿ ಭಜಿ ತನ್ನ ಸೇಡು ತೀರಿಸಿಕೊಂಡಿತು. ರಕ್ತದಲ್ಲಿ ಸಕ್ಕರೆ ಏರಿತು. ‘ದಿನಾ ಸೈಕಲ್ ಹೊಡೀರಿ’ ಎಂದರು ಡಾಕ್ಟರು.

ಸೈಕಲ್ಲು ನನಗೆ ಹೊಸದಲ್ಲ. 2006-07ರಲ್ಲಿ ಸರಕಾರ ಎಂಟನೆಯ ತರಗತಿಯ ಮಕ್ಕಳಿಗೆ ಸೈಕಲ್ ಕೊಡತೊಡಗಿದಾಗ, ಬಂದ ಸೈಕಲ್ಲುಗಳ ನಟ್ಟು ಬೋಲ್ಟು ಬಿಗಿಸಿ ಹಂಚುವ ಕೆಲಸ ವಿಜ್ಞಾನ ಮಾಸ್ತರನ ಕೊರಳಿಗೇ ಬೀಳುತ್ತಿತ್ತು. ಅವನ್ನು ಆ ಮಕ್ಕಳು ಬರಿಗಾಲಲ್ಲಿ ತುಳಿದರು, ಹರಿದ ಹವಾಯಿಯಲ್ಲಿ ತುಳಿದರು, ಹಿಂದೆ ತಂಗಿಯನ್ನು ಕೂರಿಸಿಕೊಂಡೂ ತುಳಿದರು. ಸೈಕಲ್ಲಿಗೆ ಬೇರೆ ಪಾದರಕ್ಷೆ ಎಂಬುದೊಂದು ಇದೆ ಎಂದು ಆಗ ಯಾರೂ ನಮಗೆ ಹೇಳಿರಲಿಲ್ಲ.

ಹೇಳಿದವರು ಗೋಕಾಕದ ಬೆಳಗಿನ ಸೈಕಲ್ ಹುಡುಗರು. ನಸುಕಿನಲ್ಲಿ ಹೊರಟು ಫಾಲ್ಸ್ ತನಕ ಹೋಗಿ, ಘಟಪ್ರಭೆ 52 ಮೀಟರು ಕೆಳಗೆ ಧುಮುಕುವುದನ್ನು ನೋಡಿ, ತೂಗುಸೇತುವೆಯ ಹತ್ತಿರ ಫೋಟೋ ತೆಗೆಸಿಕೊಂಡು, ಬರುತ್ತ ಕರದಂಟು ತಿನ್ನುವುದು ಅವರ ವ್ಯಾಯಾಮ. ಕಳೆದ ಸಕ್ಕರೆಗೂ ಕೂಡಿದ ಸಕ್ಕರೆಗೂ ಲೆಕ್ಕ ಸರಿಹೋಗುತ್ತದೆ. ನನ್ನ ಹವಾಯಿ ಚಪ್ಪಲಿ ನೋಡಿ ಅವರಿಗೆ ಮರುಕ ಬಂತು. ‘ಸರ, ತಳಾ ಮೆತ್ತಗಿದ್ರ ನೀವು ತುಳಿಯೂದು ಅರ್ಧಾ ಚಪ್ಪಲಿ ಮಡಚಾಕ ಹೋಗತೈತ್ರಿ. ಗಟ್ಟಿ ತಳದ ಶೂ ಬೇಕು. ಪೆಡಲಿಗೆ ಲಾಕ್ ಆಗೂ ಅಂಥಾದ್ದು’ ಎಂದರು. ನಾನು ಕಲಿಸಿದ ಭೌತಶಾಸ್ತ್ರವನ್ನು ನನಗೇ ತಿರುಗಿ ಹೇಳುತ್ತಿದ್ದರು. ಬಲ, ಸ್ಥಾನಾಂತರ, ಕೆಲಸ. ಒಪ್ಪದೆ ಗತಿಯಿರಲಿಲ್ಲ.

ಈ ಲಾಕಿನ ಕಥೆ ಓದಿ ನನಗೆ ಖುಷಿಯೇ ಆಯಿತು. ಹಿಂದೆ ರೇಸಿನವರು ತೊಗಲಿನ ಶೂ ಹಾಕಿ, ಅದನ್ನು ಪೆಡಲಿಗೆ ತೊಗಲಿನ ಬಾರಿನಿಂದ ಬಿಗಿಯುತ್ತಿದ್ದರು. 1984ರಲ್ಲಿ ಫ್ರಾನ್ಸಿನ ಲುಕ್ ಎಂಬ ಕಂಪನಿ, ಹಿಮದ ಮೇಲೆ ಜಾರುವವರ ಬೂಟು ಹಿಡಿದಿಡುವ ಉಪಾಯವನ್ನೇ ಪೆಡಲಿಗೆ ತಂದಿತು; ಮರುವರ್ಷವೇ ಬರ್ನಾರ್ ಇನೋ ಅದನ್ನು ಕಟ್ಟಿಕೊಂಡು ಟೂರ್ ಡಿ ಫ್ರಾನ್ಸ್ ಗೆದ್ದ. ಬಾರು ಹೋಯಿತು. ಒದ್ದೆಯಾದರೆ ಹಿಗ್ಗುತ್ತದೆ, ಒಣಗಿದರೆ ಸೆಟೆಯುತ್ತದೆ, ತೂಕ ಬೇರೆ ಎಂದು ಶೂ ಮಾಡುವವರು ತೊಗಲನ್ನೂ ಹೆಚ್ಚಾಗಿ ಬಿಟ್ಟರು. ಮೇಲೆ ಕೃತಕ ನೂಲಿನ ಹೊದಿಕೆ, ಕೆಳಗೆ ನೈಲಾನ್ ಅಥವಾ ಕಾರ್ಬನ್ ತಳ. ಯಾವ ಮುನಿಗಳ ಮುಂದೆಯೂ ಕೈಮುಗಿಯದೆ ಒಂದು ಉದ್ಯಮಕ್ಕೆ ಉದ್ಯಮವೇ ತೊಗಲು ತ್ಯಾಗ ಮಾಡಿದ್ದನ್ನು ನಾನು ಇನ್ನೆಲ್ಲಿಯೂ ಕಂಡಿಲ್ಲ. ದುಬಾರಿ ಶೂಗಳಲ್ಲಿ ಕಾಂಗರೂ ತೊಗಲಿನವು, ಯಾಕ್ ತೊಗಲಿನವು ಆಗೀಗ ಬಂದುಹೋಗಿವೆ ಎಂಬುದು ನಿಜ. ಆದರೆ ಗೋಕಾಕದ ಬಜಾರಿನಲ್ಲಿ ಕಾಂಗರೂ ಭಯ ಅಷ್ಟಾಗಿ ಇಲ್ಲ.

ಬಜಾರಿನಲ್ಲಿದ್ದದ್ದು ಬೇರೆ ಭಯ. ಅಂಗಡಿಯವನು ಗಟ್ಟಿ ತಳದ ಒಂದು ಶೂ ತೆಗೆದಿಟ್ಟು, ಬಗ್ಗಿಸಿ, ಸವರಿ, ‘ಪ್ಯೂರ್ ಲೆದರ್ ರೀ ಸರ’ ಎಂದ.

‘ಹಂಗಾದ್ರ ಬ್ಯಾಡ. ಲೆದರ್ ಅಲ್ಲದ್ದು ತೋರಸು.’

‘ನಮ್ಮ ಅಂಗಡ್ಯಾಗ ಡೂಪ್ಲಿಕೇಟ್ ಇಡೂದಿಲ್ರಿ.’

‘ನನಗ ಡೂಪ್ಲಿಕೇಟ್ ಬೇಕಪಾ. ಖಾತ್ರಿ ಡೂಪ್ಲಿಕೇಟ್.’

ಅವನ ಮುಖ ಸಣ್ಣಗಾಯಿತು. ತಂದೆಯ ಕಾಲದಿಂದ ರೆಕ್ಸಿನ್ನನ್ನು ತೊಗಲೆಂದು ನಂಬಿಸುವುದರಲ್ಲಿ ಪಳಗಿದ ನಾಲಿಗೆ ಅದು. ಈಗ ಅದೇ ರೆಕ್ಸಿನ್ನನ್ನು ರೆಕ್ಸಿನ್ನೆಂದು ನಂಬಿಸಬೇಕಾಗಿ ಬಂದಿತ್ತು. ಆಚೆ ಈಚೆ ನೋಡಿ, ಬೇರೆ ಗಿರಾಕಿ ಇಲ್ಲವೆಂದು ಖಾತ್ರಿ ಮಾಡಿಕೊಂಡು, ‘ಖರೇ ಹೇಳಬೇಕಂದ್ರ ಸರ, ಇದರಾಗ ಎಳ್ಳಷ್ಟೂ ತೊಗಲಿಲ್ಲ’ ಎಂದು ಕಿವಿಯಲ್ಲಿ ಹೇಳಿದ. ‘ಮೊದಲ ಪ್ಯೂರ್ ಅಂದಿ?’ ‘ಅದು ಎಲ್ಲಾರಿಗೂ ಹೇಳೂದ್ರಿ.’ ಸುಳ್ಳು ಯಾವುದು, ನಿಜ ಯಾವುದು ಎಂದು ತಿಳಿಯದೆ ಹೊರಗೆ ಬಂದೆ. ನಿಯಮ ಸತ್ಯದ ಮೇಲೆ ನಿಂತದ್ದು. ಚಪ್ಪಲಿ ವ್ಯಾಪಾರ ಹಾಗೆ ನಿಂತದ್ದಲ್ಲ.

ಯುರೋಪಿನವರು ಇದಕ್ಕೊಂದು ಒಳ್ಳೆಯ ದಾರಿ ಮಾಡಿದ್ದಾರೆ. 1994ರ ಅವರ ನಿಯಮದಂತೆ ಪ್ರತಿ ಜೊತೆ ಶೂಗೂ ಸಣ್ಣ ಚಿತ್ರಗಳ ಇಲ್ಲವೆ ಬರಹದ ಚೀಟಿ ಇರಬೇಕು. ಹರವಿಟ್ಟ ತೊಗಲಿನ ಆಕಾರವಿದ್ದರೆ ಅದು ತೊಗಲು. ನೇಯ್ಗೆಯ ಚಿತ್ರವಿದ್ದರೆ ಬಟ್ಟೆ. ಖಾಲಿ ವಜ್ರಾಕೃತಿ ಇದ್ದರೆ ಇನ್ನಾವುದೋ ವಸ್ತು, ಅಂದರೆ ನನಗೆ ಬೇಕಾದ್ದು. ತೊಗಲಿನ ಆಕಾರದೊಳಗೇ ವಜ್ರವಿದ್ದರೆ ಮೇಲೆ ಲೇಪ ಕೊಟ್ಟ ತೊಗಲು, ಮೋಸಹೋಗುವುದು ಅಲ್ಲಿಯೇ. ಮೇಲ್ಭಾಗ, ಒಳಮೈ, ತಳ, ಮೂರಕ್ಕೂ ಬೇರೆ ಬೇರೆ ಚಿತ್ರ. ಅಂಟಿಗೆ ಮಾತ್ರ ಯಾವ ಚಿತ್ರವೂ ಇಲ್ಲ. ಎಲುಬು ತೊಗಲು ಕುದಿಸಿ ಮಾಡುವ ಸರೇಸಿನ ಕಾಲ ಹೆಚ್ಚುಕಡಿಮೆ ಮುಗಿದಿದೆ, ಈಗಿನ ಶೂಗಳಿಗೆ ಬಹುಮಟ್ಟಿಗೆ ಕೃತಕ ಅಂಟೇ ಎಂದು ಸಮಾಧಾನ ಮಾಡಿಕೊಂಡೆ.

ಮೂರೂ ಕಡೆ ತೊಗಲಿಲ್ಲದ ಒಂದು ಜೊತೆಯನ್ನು ಹುಡುಗರು ಮೊಬೈಲಿನಲ್ಲಿ ತರಿಸಿಕೊಟ್ಟರು. ತರಿಸಿಕೊಟ್ಟರು ಎಂದೆ, ಬಂತು ಎನ್ನಲಿಲ್ಲ. ವಿಜಯಪುರ ಜಿಲ್ಲೆಯಲ್ಲಿ ಇನ್ನೊಂದು ಮಮದಾಪುರವಿದೆ. ಆದಿಲಶಾಹಿ ಕಾಲದ ದೊಡ್ಡ ಕೆರೆಗೆ ಹೆಸರಾದ ಊರು. ಪಾರ್ಸಲಿನವರು ಪಿನ್‌ಕೋಡ್ ಓದುವ ಕಷ್ಟ ತೆಗೆದುಕೊಳ್ಳದೆ ಅಲ್ಲಿಗೆ ಒಯ್ದರು. ನನ್ನ ಕೆರ ಆ ಕೆರೆ ನೋಡಿಕೊಂಡು, ಬೆಳಗಾವಿಗೆ ಹೋಗಿ, ಮತ್ತೆಲ್ಲೆಲ್ಲೋ ತಿರುಗಿ, ನಾನು ಅದರಲ್ಲಿ ತುಳಿಯುವುದಕ್ಕಿಂತ ಹೆಚ್ಚು ದೂರವನ್ನು ತಾನೇ ತುಳಿದು ಮನೆಗೆ ಬಂತು.

ಲಾಕಿನ ಶೂ ಹಾಕಿಕೊಂಡವನು ನಿಲ್ಲುವ ಮೊದಲು ಹಿಮ್ಮಡಿಯನ್ನು ಹೊರಕ್ಕೆ ತಿರುವಿ ಕಾಲು ಬಿಡಿಸಿಕೊಳ್ಳಬೇಕು. ಸೂತ್ರ ನನಗೆ ಬಾಯಿಪಾಠವಾಗಿತ್ತು. ಕಬ್ಬಿನ ಹೊಲದ ತಿರುವಿನಲ್ಲಿ ಎಮ್ಮೆಗಳ ಹಿಂಡು ಎದುರಾಯಿತು. ಬ್ರೇಕ್ ಹಾಕಿದೆ, ಸೈಕಲ್ಲು ನಿಂತಿತು, ಸೂತ್ರವೂ ನಿಂತಿತು. ಕಾಲು ಪೆಡಲಿಗೆ ಕಚ್ಚಿಕೊಂಡಂತೆಯೇ, ಕಡಿದ ಬಾಳೆಗಿಡದ ಹಾಗೆ ಎಡಕ್ಕೆ ಒರಗಿದೆ. ಯಾರ ತೊಗಲು ಉಳಿಸಲೆಂದು ಇಷ್ಟೆಲ್ಲ ಮಾಡಿದ್ದೆನೋ ಆ ಎಮ್ಮೆ ಹತ್ತಿರ ಬಂದು ನನ್ನನ್ನು ಮೂಸಿ, ಪ್ರಯೋಜನವಿಲ್ಲವೆಂದು ಮುಂದೆ ಹೋಯಿತು. ಮೊಳಕೈ, ಮೊಳಕಾಲಿನಿಂದ ಆ ಹೊತ್ತು ನಾನು ಬಿಟ್ಟುಕೊಟ್ಟ ತೊಗಲು ಮಾತ್ರ ಅಪ್ಪಟ ನನ್ನದೇ. ಆಮೇಲೆ ಮಳೆ ಬಂದು ಎರಿ ಮಣ್ಣು ಲಾಕಿನ ಸಂದಿಗೆಲ್ಲ ತುಂಬಿ ಗಟ್ಟಿಯಾಯಿತು. ಇಟಲಿಯ ಗುಡ್ಡಗಳಿಗೆಂದು ಮಾಡಿದ ಶೂಗೆ ನಮ್ಮ ಎರಿ ಭೂಮಿಯ ಪರಿಚಯ ಎಲ್ಲಿಂದ ಬರಬೇಕು?

ಈ ಸಂಗತಿ ಅಥಣಿಯ ಬೀಗರ ಕಿವಿಗೆ ಬಿತ್ತು. ಅಥಣಿ ಎಂದರೆ ಕೊಲ್ಹಾಪುರಿ ಚಪ್ಪಲಿಯ ಕರ್ನಾಟಕದ ಮನೆ. ಹೆಸರು ಕೊಲ್ಹಾಪುರದ್ದು, ಬೆವರಿನಲ್ಲಿ ಅರ್ಧ ನಮ್ಮದು. 2019ರಲ್ಲಿ ಭೌಗೋಳಿಕ ಗುರುತು ಸಿಕ್ಕಾಗ ಮಹಾರಾಷ್ಟ್ರದ ನಾಲ್ಕು ಜಿಲ್ಲೆಗಳ ಜೊತೆ ಬೆಳಗಾವಿ, ಬಾಗಲಕೋಟೆ, ಧಾರವಾಡ, ವಿಜಯಪುರಗಳೂ ಸೇರಿದವು. 2025ರ ಜೂನಿನಲ್ಲಿ ಇಟಲಿಯ ಪ್ರಾಡಾ ಕಂಪನಿ ಮಿಲಾನಿನ ಪ್ರದರ್ಶನದಲ್ಲಿ ಅಂಥದ್ದೇ ಚಪ್ಪಲಿಯನ್ನು ಯಾರ ಹೆಸರೂ ಹೇಳದೆ ಮೆಟ್ಟಿಸಿ ನಡೆಸಿತು; ಇಲ್ಲಿ ಗದ್ದಲವಾದ ಮೇಲೆ ಮೂಲವನ್ನು ಒಪ್ಪಿಕೊಂಡು, ಸುಮಾರು 800 ಯೂರೋ ಬೆಲೆಗೆ ಇಲ್ಲಿಯವರಿಂದಲೇ ಮಾಡಿಸುವುದಾಗಿ ಹೇಳಿತು. ಬೀಗರು ನನಗೆ ಒಂದು ಜೊತೆ ಪುಕ್ಕಟೆ ತಂದಿದ್ದರು. ನಾನು ನಿಯಮ ಹೇಳಿದೆ.

‘ಜಾಲಿ ತೊಗಟಿ, ಅಳಲೆಕಾಯಿ, ಅದರಾಗ ಹದಾ ಮಾಡಿದ್ದ್ರಿ ಬೀಗರ. ರಾಸಾಯನಿಕ ಒಂಚೂರೂ ಇಲ್ಲ. ಅರ್ಧಾ ಅಂದ್ರೂ ಶಾಖಾಹಾರಿನ ಅದಾವು’ ಎಂದರು. ಉಳಿದರ್ಧ ಎಮ್ಮೆಯದು ಎಂಬುದನ್ನು ಅವರೂ ಹೇಳಲಿಲ್ಲ, ನಾನೂ ಹೇಳಲಿಲ್ಲ. ಬೀಗಸ್ತನ ಉಳಿಯಬೇಕು. ಚಪ್ಪಲಿ ಕಪಾಟಿನಲ್ಲಿದೆ. ಹೆಂಡತಿ ಆಗಾಗ ಎಣ್ಣೆ ಸವರಿಡುತ್ತಾಳೆ. ನನ್ನ ನಿಯಮ ಬಹಳ ದಿನ ಬಾಳಲಿಕ್ಕಿಲ್ಲ ಎಂಬುದು ಅವಳ ಅಂದಾಜು.

ಕೊನೆಗೆ ಹೋದದ್ದು ಗೋಕಾಕದ ಬಸ್‌ ನಿಲ್ದಾಣದ ಹೊರಗೆ ಕೊಡೆಯ ಕೆಳಗೆ ಕೂರುವ ಸಮಗಾರನ ಹತ್ತಿರ. ಮೊದಲೇ ಹೋಗಬೇಕಿತ್ತು ಎಂದು ಓದುವವರಿಗೆ ಅನ್ನಿಸಿರಬೇಕು. ಹೋಗಲಿಲ್ಲ, ತೊಗಲಿನ ಕೆಲಸದವನಿಗೆ ತೊಗಲು ಬಿಟ್ಟವನು ಯಾವ ಮುಖ ತೋರಿಸುವುದು? ಅಲ್ಲದೆ, ‘ತೊಗಲು ಮುಟ್ಟುವುದಿಲ್ಲ’ ಎಂಬ ಮಾತು ನನ್ನ ಬಾಯಲ್ಲಿ ಅಹಿಂಸೆ ಎನ್ನಿಸಿಕೊಂಡರೂ ನಮ್ಮ ಊರುಗಳಲ್ಲಿ ಅದಕ್ಕೊಂದು ಬೇರೆ ಹಳೆಯ ಅರ್ಥವಿದೆ. ತೊಗಲು ಮುಟ್ಟದವರು ಅದನ್ನು ಹದ ಮಾಡಿದ ಮನುಷ್ಯರನ್ನೂ ಮುಟ್ಟಲಿಲ್ಲ. ಅವರು ಹೊಲಿದ ಕೆರವನ್ನು ಮಾತ್ರ ಚೌಕಾಸಿ ಮಾಡಿ ಮೆಟ್ಟಿದರು. ದನಕ್ಕೆ ತೋರಿಸಿದ ದಯೆಯಲ್ಲಿ ಕಾಲುಭಾಗವನ್ನಾದರೂ ಆ ಓಣಿಗೆ ತೋರಿಸಿದ್ದರೆ ನಾನು ಈ ಮಾತನ್ನು ಇನ್ನಷ್ಟು ಗಟ್ಟಿ ದನಿಯಲ್ಲಿ ಹೇಳುತ್ತಿದ್ದೆ.

ಅವನು ನನ್ನ ಕೈಯ ಲಾಕಿನ ಶೂ ತೆಗೆದುಕೊಂಡು ಅಂಚನ್ನು ಉಗುರಿನಿಂದ ಬಿಡಿಸಿದ. ‘ಎಳಿ ಎಳಿ ಬಂದ್ರ ತೊಗಲ, ಕೆಳಗ ಅರಿಬಿ ಕಂಡ್ರ ರೆಕ್ಸಿನ್’ ಎಂದ. ಅರಿವೆ ಕಂಡಿತು. ಬಜಾರಿನ ಅಂಗಡಿಯವನು ಆಣೆ ಮಾಡಿದ್ದರೂ ಆಗದ ಖಾತ್ರಿ ಅವನ ಒಂದು ಉಗುರಿನಲ್ಲಿ ಆಯಿತು. ನಾನು ನನ್ನ ಕಥೆ ಹೇಳಿದೆ. ಅವನು ನಗಲಿಲ್ಲ. ಪೆಟ್ಟಿಗೆಯ ಮುಚ್ಚಳದ ಒಳಗೆ ಅಂಟಿಸಿದ್ದ ಹರಳಯ್ಯನ ಚಿತ್ರ ತೋರಿಸಿದ.

‘ದನದ ತೊಗಲ ಇಲ್ಲದ ಕೆರ ಒಮ್ಮೆ ಆಗ್ಯಾವ್ರಿ ಮಾಸ್ತರ. ಕಲ್ಯಾಣದಾಗ. ಆ ಅಳತಿಗೆ ಈಗ ಯಾರೂ ಹೊಲಿಯೂದಿಲ್ಲ.’

ಬಸವಣ್ಣ ತನಗೆ ಎರಡು ಸಲ ಶರಣೆಂದದ್ದರ ಋಣ ತೀರಿಸಲು ಹರಳಯ್ಯ, ಹೆಂಡತಿ ಕಲ್ಯಾಣಮ್ಮ ತಮ್ಮ ತೊಡೆಯ ಚರ್ಮದಿಂದಲೇ ಪಾದರಕ್ಷೆ ಹೊಲಿದ ಕಥೆ ಈ ಸೀಮೆಯಲ್ಲಿ ಗೊತ್ತಿಲ್ಲದವರಿಲ್ಲ. ಬಸವಣ್ಣ ಅದನ್ನು ಮೆಟ್ಟಲಿಲ್ಲ, ತಲೆಯ ಮೇಲಿಟ್ಟುಕೊಂಡ. ಆಮೇಲೆ ಹರಳಯ್ಯನ ಮಗನಿಗೂ ಬ್ರಾಹ್ಮಣ ಮಧುವರಸನ ಮಗಳಿಗೂ ಮದುವೆಯಾದದ್ದಕ್ಕೆ ಬಿಜ್ಜಳ ಇಬ್ಬರು ತಂದೆಯರನ್ನೂ ಕೊಲ್ಲಿಸಿದ. ನಾನು ಕೈಯಲ್ಲಿದ್ದ ಪ್ಲಾಸ್ಟಿಕ್ ಶೂವನ್ನು ನೆಲಕ್ಕಿಟ್ಟೆ.

‘ನಿಮಗ ಬೇಕಾದ್ದು ಗಟ್ಟಿ ತಳಾ, ಹೌದಲ್ರಿ? ಪಿ.ಟಿ. ಶೂ ತರ್ರಿ, ಕೆಳಗ ಲಾರಿ ಟೈರ್ ಹೊಲಿದು ಕೊಡತೇನಿ’ ಎಂದ. ಎಷ್ಟು ಸರಳ! 1887ರಿಂದ ಹತ್ತಿ ನೂಲುವ ಗಿರಣಿ ಇರುವ ಊರಿನಲ್ಲಿ ಬಟ್ಟೆಯ ಶೂ ನೆನಪಾಗದೆ ನಾನು ಕಾರ್ಬನ್ ತಳ ಹುಡುಕುತ್ತಿದ್ದೆ. ಮರುದಿನವೇ ಕ್ಯಾನ್ವಾಸ್ ಶೂ ಕೊಂಡು ಒಯ್ದೆ. ಅವನು ಟೈರಿನ ತುಂಡನ್ನು ಪಾದದ ಆಕಾರಕ್ಕೆ ರಂಪಿಗೆಯಿಂದ ಕೊರೆಯುತ್ತಿದ್ದರೆ ನನ್ನೊಳಗಿನ ವಿಜ್ಞಾನ ಮಾಸ್ತರ ಸುಮ್ಮನಿರಬಾರದೆ? 1839ರಲ್ಲಿ ಗುಡ್‌ಇಯರ್ ಗಂಧಕ ಬೆರೆಸಿ ರಬ್ಬರನ್ನು ಕಾಯಿಸಿದ್ದು ನೆನಪಾಯಿತು. ಅದರ ಬೆನ್ನಿಗೇ, ಈಗ ಆ ಪಾಕಕ್ಕೆ ಸತುವಿನ ಭಸ್ಮದ ಜೊತೆ ಸ್ಟಿಯರಿಕ್ ಆಮ್ಲ ಹಾಕುತ್ತಾರೆಂಬುದೂ ನೆನಪಾಯಿತು. ಸ್ಟಿಯರಿಕ್ ಆಮ್ಲ ತಾಳೆ ಎಣ್ಣೆಯಿಂದಲೂ ಬರುತ್ತದೆ, ದನದ ಕೊಬ್ಬಿನಿಂದಲೂ ಬರುತ್ತದೆ. ಟೈರನ್ನು ಮೂಸಿದರೆ ತಿಳಿಯುವುದಿಲ್ಲ. ಹಾಗೆ ನೋಡಿದರೆ ನನ್ನ ಹವಾಯಿ ಚಪ್ಪಲಿ, ಸೈಕಲ್ಲಿನ ಎರಡೂ ಗಾಲಿ, ನಾನು ಬಂದ ಬಸ್ಸಿನ ಆರೂ ಗಾಲಿ ಸಂಶಯದ ಮೇಲೆಯೇ ಉರುಳುತ್ತಿವೆ. ದನದ ಸಂಬಂಧ ಚೂರೂ ಇಲ್ಲದ ಪಾದರಕ್ಷೆ ನಮ್ಮೂರಲ್ಲಿ ಒಂದೇ: ಎತ್ತಿನ ಗೊರಸಿಗೆ ಬಡಿಯುವ ಕಬ್ಬಿಣದ ನಾಲು.

‘ಏನ್ ಚಿಂತಿ ಮಾಡಾಕತ್ತೀರಿ?’ ಎಂದ ಸಮಗಾರ.

‘ಏನಿಲ್ಲ, ಹೊಲಿ.’

ಅವನು ದಪ್ಪ ದಾರ ತೆಗೆದು, ಪೆಟ್ಟಿಗೆಯ ಮೂಲೆಯಿಂದ ಹಳದಿ ಉಂಡೆಯೊಂದನ್ನು ಹುಡುಕಿ, ದಾರವನ್ನು ಅದರ ಮೇಲೆ ಎಳೆಯಲು ಹೋದ. ನನ್ನ ಕಣ್ಣು ಅಲ್ಲಿಗೇ ಹೋಯಿತು.

‘ಅದೇನು?’

‘ಜೇನ ಮೇಣ್ರಿ. ದಾರಕ್ಕ ಹಚ್ಚದಿದ್ರ ಮಳ್ಯಾಗ ಹೊಲಿಗಿ ಕೊಳೀತೈತಿ.’ ಕೈ ತಡೆದು ನನ್ನ ಮುಖ ನೋಡಿದ. ‘ಇದೂ ಬ್ಯಾಡೇನ್ರಿ?’

ಜೇನು ನಮ್ಮ ಮನೆಯಲ್ಲಿ ಅಜ್ಜನ ಕಾಲದಿಂದ ವರ್ಜ್ಯ. ತಲೆ ಅಲ್ಲಾಡಿಸಿದೆ. ಅವನು ಎದ್ದು ಎದುರಿನ ಕಿರಾಣಿ ಅಂಗಡಿಗೆ ಹೋಗಿ ಒಂದು ಮೇಣದಬತ್ತಿ ತಂದ. ಬತ್ತಿ ಬಾಗದಂತೆ ಗಟ್ಟಿ ಮಾಡಲು ಅದಕ್ಕೂ ಸ್ಟಿಯರಿಕ್ ಆಮ್ಲ ಬೆರೆಸುವುದುಂಟು. ಎಂಟನೆಯ ತರಗತಿಗೆ ನಾನೇ ಪಾಠ ಮಾಡಿದ್ದೆ.

ಬಾಯಿ ಬಿಡಲಿಲ್ಲ.

ಆರಿ ಚುಚ್ಚಿ, ದಾರ ಎಳೆದು, ಎರಡೂ ಶೂಗೆ ಟೈರು ಕೂಡಿಸಿ ಕೊಟ್ಟ. ‘ಹೊಲಿಗಿ ನೂರಾ ಇಪ್ಪತ್ತು, ಟೈರ್ ಅರವತ್ತು. ಮೇಣದಬತ್ತಿದು ಬ್ಯಾರೆ ಹತ್ತು’ ಎಂದ. ಚೌಕಾಸಿ ಮಾಡಲಿಲ್ಲ. ಸುಟ್ಟಿರದ ಮೇಣದಬತ್ತಿಯ ಉಳಿದ ತುಂಡನ್ನೂ ಅವನು ಕಾಗದದಲ್ಲಿ ಸುತ್ತಿ ಕೈಗಿಟ್ಟ: ‘ಕರೆಂಟ್ ಹ್ವಾದ್ರ ಬೇಕಾಗತೈತಿ, ಒಯ್ರಿ.’