ಕೀಲಿಮಣೆಯವರನ್ನು ಹೊರಗಿಡುವ ಕೈಪಿಡಿ

ಬಲಗೈಗೆ ಕಟ್ಟು ಹಾಕಿಸಿಕೊಂಡ ತಿಕೋಟಾದ ದ್ರಾಕ್ಷಿ ಬೆಳೆಗಾರ, ವಿಜಯಪುರದ ಅಂಧ ವಿದ್ಯಾರ್ಥಿ, ಬಬಲೇಶ್ವರದ ಕಂಪ್ಯೂಟರ್ ಸೆಂಟರಿನಲ್ಲಿ ಕೀಲಿಯಿಂದ ಕೈ ಎತ್ತದೆ ದಿನವಿಡೀ ಅರ್ಜಿ ತುಂಬುವ ಹುಡುಗಿ: ಮೌಸ್ ಬಿಟ್ಟು ಕೀಲಿಮಣೆಯನ್ನೇ ನೆಚ್ಚಿದ ಈ ಮೂವರನ್ನೂ ನಿಮ್ಮ ಆನ್‌ಲೈನ್ ಅರ್ಜಿಯಿಂದ ಒಂದೇ ಏಟಿಗೆ ಹೊರಗಟ್ಟಬೇಕೆ? ಸುಮ್ಮನೆ ಕೂತರೆ ಆಗುವ ಕೆಲಸವಲ್ಲ ಇದು, ಬೆವರು ಸುರಿಸಬೇಕು. ಬ್ರೌಸರ್ ಬಲು ಉಪಕಾರಿ ನೋಡ್ರಿ. ಸಾದಾ ಬಟನ್, ಸಾದಾ ಲಿಂಕ್ ಇಟ್ಟರೆ ಸಾಕು, ಟ್ಯಾಬ್ ಒತ್ತಿದವರನ್ನು ಮುಂದಕ್ಕೆ ಒಯ್ಯುತ್ತದೆ, ಶಿಫ್ಟ್ ಸೇರಿಸಿದರೆ ಹಿಂದಕ್ಕೆ ತರುತ್ತದೆ. ಮೊದಲು ಈ ಉಪಕಾರ ಕೆಡಿಸಿ.

ಬಟನ್ ಕಿತ್ತು ಅಲ್ಲೊಂದು ‘ಡಿವ್’ ಎಂಬ ಖಾಲಿ ಡಬ್ಬಿ ಕೂರಿಸಿ, ಬಣ್ಣ ಬಳಿದು, ಮೌಸ್ ಕ್ಲಿಕ್ಕಿಗಷ್ಟೇ ಓಗೊಡುವಂತೆ ಮಾಡಿ. ಕಣ್ಣಿಗೆ ಬಟನ್ನೇ; ಟ್ಯಾಬ್ ಮಾತ್ರ ಅದನ್ನು ದಾಟಿ ಹೋಗುತ್ತದೆ. ಪರದೆಯನ್ನು ಓದಿ ಹೇಳುವ ಎನ್‌ವಿಡಿಎಯಂಥ ಸ್ಕ್ರೀನ್ ರೀಡರ್ ಅದನ್ನು ಬಟನ್ ಅನ್ನುವುದೂ ಇಲ್ಲ.

ಆಮೇಲೆ ಪುಟದ ಅಂದಚೆಂದ ನೋಡಿಕೊಳ್ಳುವ ಸಿಎಸ್‌ಎಸ್‌ನಲ್ಲಿ ‘ಔಟ್‌ಲೈನ್: ನನ್’ ಎಂದು ಬರೆಯಿರಿ. ಟ್ಯಾಬ್ ಒತ್ತಿದಾಗ ಎಲ್ಲಿದ್ದೇವೆಂದು ತೋರಿಸುವ ಗೆರೆ ಅಂದಗೆಡಿಸುತ್ತದಂತೆ. ಸಿದ್ಧೇಶ್ವರ ಜಾತ್ರೆಯಲ್ಲಿ ಅಪ್ಪನ ಬೆರಳು ತಪ್ಪಿದ ಕೂಸಿನ ಹಾಗೆ ಅರ್ಜಿದಾರ ಅಲೆಯಲಿ.

ತಾಲ್ಲೂಕಿನ ಪಟ್ಟಿಯಲ್ಲಿ ಮೈಮರೆಯಬೇಡಿ. ಸಾದಾ ‘ಸೆಲೆಕ್ಟ್’ ಬಳಸಿದಿರೋ ಕೆಟ್ಟಿರಿ: ಬಾಣದ ಕೀಲಿ ನಡೆಯುತ್ತದೆ, ಮೊದಲಕ್ಷರ ಒತ್ತಿದರೆ ಬಬಲೇಶ್ವರ, ಇನ್ನೊಮ್ಮೆ ಒತ್ತಿದರೆ ಬಸವನ ಬಾಗೇವಾಡಿ! ಸ್ವಂತದ್ದೊಂದು ಪಟ್ಟಿ ಕಟ್ಟಿ. ಮೌಸಿನ ಚಕ್ರ ತಿರುಗಿಸಿದರಷ್ಟೇ ಸರಿಯಲಿ. ಜಿಲ್ಲೆಯ ಹೆಸರು 2014ರ ನವೆಂಬರ್ 1ರಂದೇ ಬದಲಾಯಿತು ನಿಜ. ಆದರೂ ಜಿಲ್ಲೆಗಳ ಪಟ್ಟಿಯಲ್ಲಿ ಹಳೆಯ ಬಿಜಾಪುರ ಮೇಲೆ, ಹೊಸ ವಿಜಯಪುರ ಕೆಳಗೆ, ಎರಡೂ ಇರಲಿ. ತಿಕೋಟಾ ಒಂದರಡಿ ಮಾತ್ರ ಸಿಗಲಿ. ಯಾವುದರಡಿ ಎಂದು ಹೇಳಬೇಡಿ.

ಹೊಲದ ಉತಾರ ಸೇರಿಸಲು ಪಾಪ್‌ಅಪ್ ತೆರೆದಾಗ ಟ್ಯಾಬ್ ಅದರೊಳಗೇ ಗಾಣ ತಿರುಗಲಿ, ಎಸ್ಕೇಪ್ ಸತ್ತಿರಲಿ.

ವೆಬ್ ಎಲ್ಲರಿಗೂ ಎಟುಕಲೆಂದು ಬರೆದ ಡಬ್ಲ್ಯುಸಿಎಜಿ 2.0 ಎಂಬ ಮಾರ್ಗಸೂಚಿ 2008ರಲ್ಲೇ ಇವುಗಳಲ್ಲಿ ಬಹುಪಾಲನ್ನು ಬೇಡವೆಂದಿದೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯೂ ಇದೆ. 2025ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟು ಡಿಜಿಟಲ್ ಸೇವೆ ಎಟುಕುವುದನ್ನು ಸಂವಿಧಾನದ 21ನೇ ವಿಧಿಯ ಬದುಕುವ ಹಕ್ಕಿಗೇ ಸೇರಿಸಿತು. ಇವನ್ನು ಓದಬೇಡಿ, ನಿದ್ದೆ ಕೆಟ್ಟೀತು. ಮೌಸಿನ ತಂತಿ ಕಿತ್ತಿಟ್ಟು ನಿಮ್ಮದೇ ಅರ್ಜಿಯನ್ನು ಒಮ್ಮೆ ತುಂಬಿ ನೋಡುವ ಕೆಟ್ಟ ಚಟವಂತೂ ಬೇಡವೇ ಬೇಡ. ಐದೇ ನಿಮಿಷದಲ್ಲಿ ಗುಟ್ಟೆಲ್ಲ ರಟ್ಟಾಗುತ್ತದೆ.

ದೂರು ಬಂದೀತೆಂಬ ಅಂಜಿಕೆಯೆ? ದೂರಿನ ಪುಟದ ‘ಸಲ್ಲಿಸಿ’ಯನ್ನೂ ಡಿವ್‌ನಲ್ಲೇ ಮಾಡಿ.