ಬರ್ಲಿ, ಬರ್ಲಿ... ಸಾಕು!

ಮಲ್ಲೇಶ್ವರದ ಎಂಟನೇ ಕ್ರಾಸಿನಲ್ಲಿ ಯಾರಾದರೂ ರಿವರ್ಸ್ ಗೇರ್ ಹಾಕಿದರೆ ಸಾಕು, ಎಲ್ಲಿಂದಲೋ ನಾಲ್ಕು ಜನ ಗುರುಗಳು ಪ್ರತ್ಯಕ್ಷ. ಹೂವಿನಾಕೆ "ಬರ್ಲಿ, ಬರ್ಲಿ" ಎಂದರೆ, ಕಾಫಿ ಹೀರುತ್ತಿದ್ದವರು "ಲೆಫ್ಟ್ ಕಟ್ ಮಾಡಿ" ಎನ್ನುತ್ತಾರೆ. ಯಾರ ಲೆಫ್ಟು? ಹೇಳುವವರದೋ, ಕೇಳುವವರದೋ?

ಸ್ಟಿಯರಿಂಗ್ ತಿರುಗಿಸುವುದು ಮುಂದಿನ ಚಕ್ರಗಳನ್ನು. ಹಾಗಾಗಿ ಹಿಂದೆ ಸರಿಯುವಾಗ ಕಾರಿನ ಬಾಲ ಎಡಕ್ಕೆ ನುಸುಳಿದರೆ ಮೂತಿ ಬಲಕ್ಕೆ ಬೀಸುತ್ತದೆ. ಕಲಿಯುವವರ ಕಣ್ಣೆಲ್ಲ ಹಿಂದೆ. ಪಕ್ಕದ ಸ್ಕೂಟರಿನ ಕನ್ನಡಿ ಮಡಚಿಕೊಳ್ಳುವುದು ಮುಂದೆ.

2019ರ ಜುಲೈನಿಂದ ದೇಶದಲ್ಲಿ ತಯಾರಾಗುವ ಹೊಸ ಕಾರುಗಳಿಗೆ ಹಿಂಬದಿ ಸೆನ್ಸರ್ ಕಡ್ಡಾಯ. ಅದರ ಪೀಂ ಪೀಂ ಒತ್ತೊತ್ತಾಗಿ ಬಂದಷ್ಟೂ ಕ್ಲಚ್ಚಿನ ಮೇಲಿನ ಕಾಲು ನಡುಗುತ್ತದೆ.

ಅಂತೂ ಕಾರು ಜಾಗದಲ್ಲಿ ಕೂತಿತು, ಕೊಂಚ ಸೊಟ್ಟಗೆ. ಇಳಿಯೋಣವೆಂದರೆ ಬಾಗಿಲು ತೆರೆಯಲು ಗೋಡೆ ಬಿಡದು. ಹೂವಿನಾಕೆ ಮತ್ತೆ ಎದ್ದಳು: "ಸ್ವಲ್ಪ ಮುಂದೆ ತಗೊಳ್ಳಿ, ಮೇಡಂ."